ಬಿರುಕಿನೊಳಗಿನ ಕೆಂಪು

"ಮುಟ್ಟಬೇಡಿ ನಿಶ್ಮಿತಾ ಮೇಡಂ, ಬರೀ ನೋಡಿ" ಎಂದು ಉಲ್ಲಾಸ್ ಉಕ್ಕಿನ ತುಂಡನ್ನು ನನ್ನ ಮುಖದ ಹತ್ತಿರ ಹಿಡಿದ.

ಅಂಗೈಯಗಲದ ತುಂಡು ಅದು. ಬೆಳಿಗ್ಗೆ ನಮ್ಮ ಠಾಣೆಯಲ್ಲಿ ಚಾ ಕುಡಿದು ಬಂದವನು, ಖಾಲಿ ಮಾಡಿ ತೊಳೆದಿದ್ದ ಅಮೋನಿಯಾ ಟ್ಯಾಂಕಿನಿಂದ ತಾನೇ ನಿಂತು ಕೊಯ್ಸಿದ್ದ. ಬೆಂಕಿಯಲ್ಲಿ ಕತ್ತರಿಸಿದರೆ ಸಾಕ್ಷಿ ಸುಟ್ಟುಹೋಗುತ್ತದೆ, ಗರಗಸವೇ ಆಗಬೇಕು ಎಂದು ಹಟ ಹಿಡಿದವನೂ ಅವನೇ. ಮರವಂತೆಯ ಆ ಐಸ್ ಪ್ಲಾಂಟಿನಲ್ಲಿ ಘಾಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಕಡಲ ಗಾಳಿ ಬೀಸಿದಾಗ ಕಡಿಮೆಯಾಗಿ, ನಿಂತಾಗ ಮತ್ತೆ ಕಣ್ಣಿಗೆ ಹತ್ತುತ್ತಿತ್ತು.

ಬೆಸುಗೆ ನೋಡಲು ಚೆಂದವಾಗಿತ್ತು. ಬಿರುಕು ಇದ್ದದ್ದು ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ. ಹೊಸ ಬೆಸುಗೆ ಹಳೆಯ ಉಕ್ಕನ್ನು ಸೇರುವ ಅಂಚಿನಲ್ಲಿ ಕೂದಲೆಳೆಯಂತೆ ಓಡಿತ್ತು. ಅದರ ಕೊನೆಯ ಬೆರಳುದ್ದ ಭಾಗ ಗರಗಸಕ್ಕೆ ಸಿಗದೆ ಟ್ಯಾಂಕಿನಲ್ಲೇ ಉಳಿದಿತ್ತು. ನನಗೆ ಇಷ್ಟು ಸಾಕು ಎಂದು ಉಲ್ಲಾಸ್ ಅಂದ.

ಬಿರುಕಿನೊಳಗೆ ಒಂದು ಕಡೆ ತೆಳುವಾದ ಕೆಂಪು ಗೆರೆ ಕಂಡಿತು. ತುಕ್ಕಿನ ಕೆಂಪಲ್ಲ, ಹೊಳೆಯುವ ಕೆಂಪು. ಅದೇನು ಎಂದು ಕೇಳಿದೆ.

"ಪ್ರೈಮರ್ ಮೇಡಂ. ಬಣ್ಣದ ಕೆಳಗೆ ಬಳಿಯುತ್ತಾರಲ್ಲ, ಕೆಂಪು ಪ್ರೈಮರ್. ಒಳಗೆ ಇಳಿದಿದೆ."

ನಾನು ತಲೆಯಾಡಿಸಿದೆ. ಮಂಗಳೂರಿನಿಂದ ಸರ್ಕಾರಿ ತಜ್ಞರು ಬರುವುದು ತಡವಾಗುತ್ತದೆಂದು ಬ್ರಹ್ಮಾವರದಲ್ಲಿ ಸ್ವಂತ ಪರೀಕ್ಷಾಲಯ ಇಟ್ಟುಕೊಂಡಿದ್ದ ಈ ಮನುಷ್ಯನನ್ನು ಹುಡುಕಿ ಕರೆಸಿದವಳು ನಾನು. ಉಕ್ಕಿನ ವಿಷಯದಲ್ಲಿ ಅವನು ಹೇಳಿದ್ದನ್ನು ನಂಬದೆ ಬೇರೆ ದಾರಿಯೂ ಇರಲಿಲ್ಲ.

ಅವನು ಪಾಠ ಚೆನ್ನಾಗಿಯೇ ಮಾಡಿದ. ವೆಲ್ಡಿಂಗ್ ರಾಡಿನ ಮೈಮೇಲಿನ ಪುಡಿಯ ಹೊದಿಕೆ ತೇವ ಹೀರುತ್ತದೆ. ಆ ತೇವ ಬೆಸುಗೆಯ ಬಿಸಿಗೆ ಒಡೆದು ಜಲಜನಕವಾಗಿ ಉಕ್ಕಿನೊಳಗೆ ಸೇರುತ್ತದೆ. ಬೆಸುಗೆ ತಣಿಯುತ್ತದೆ, ಎಲ್ಲ ಸರಿಯಾಗಿದೆ ಎಂದು ಕಾಣುತ್ತದೆ, ಬೆಸೆದವನು ಮನೆಗೆ ಹೋಗಿ ಉಂಡು ಮಲಗುತ್ತಾನೆ. ಒಳಗೆ ಸಿಕ್ಕಿಬಿದ್ದ ಜಲಜನಕ ಒಂದೆರಡು ದಿನ ಬಿಟ್ಟು ಉಕ್ಕನ್ನು ಸೀಳುತ್ತದೆ. ಹಾಗಾಗಿ ಇಂಥ ಟ್ಯಾಂಕ್ ರಿಪೇರಿ ಮಾಡಿದ ಮೇಲೆ ಎರಡು ದಿನ ಕಾಯಬೇಕು, ಪರೀಕ್ಷೆ ಮಾಡಬೇಕು, ಆಮೇಲೆಯೇ ಅಮೋನಿಯಾ ತುಂಬಬೇಕು.

ಇಲ್ಲಿ ಪರೀಕ್ಷೆಯೇ ಆಗಿರಲಿಲ್ಲ. ಹಾಗೆಂದು ಪ್ಲಾಂಟಿನ ಮಾಲೀಕ ಭೋಜರಾಜ ಶೆಟ್ಟರು ಲಿಖಿತವಾಗಿ ಹೇಳಿದ್ದರು.

ಟ್ಯಾಂಕ್ ಸೀಳಿದಾಗ ಅದರ ಪಕ್ಕದಲ್ಲೇ ನಿಂತು ಮಂಜುಗಡ್ಡೆ ಪುಡಿ ಮಾಡುತ್ತಿದ್ದ ಕುಸುಮ ಅಮೋನಿಯಾದ ಘಾಟಿನಲ್ಲಿ ಹೊರಗೆ ಓಡಲಾಗದೆ ಸತ್ತಿದ್ದಳು. ನಿನ್ನೆ ಸಂಜೆ ಅವಳ ಅಣ್ಣ ಐತ, ಆ ಟ್ಯಾಂಕಿಗೆ ಬೆಸುಗೆ ಹಾಕಿದವನು, ತಾನೇ ಕುಂದಾಪುರದ ನಮ್ಮ ಠಾಣೆಗೆ ನಡೆದು ಬಂದ. ಹಸಿ ರಾಡ್ ಹಾಕಿದ್ದು ನಾನು, ತಂಗಿಯನ್ನು ಕೊಂದದ್ದು ನಾನು ಎಂದು ಹೇಳಿ ಬೆಂಚಿನ ಮೇಲೆ ಕುಳಿತವನು ಮತ್ತೆ ಬಾಯಿ ಬಿಟ್ಟಿರಲಿಲ್ಲ. ಇವತ್ತು ಸಂಜೆಯೊಳಗೆ ಅವನನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಿತ್ತು. ಆಮೇಲೆ ಅವನು ಹೇಳಿದ್ದೇ ಸತ್ಯವಾಗಿ ಉಳಿದುಬಿಡುತ್ತದೆ.

ತಪ್ಪೊಪ್ಪಿಕೊಳ್ಳಲು ಓಡಿಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅವರು ಅರ್ಧ ಕಥೆಯನ್ನು ಪೂರ್ತಿ ಮಾಡಿ ನಮ್ಮ ಕೈಗಿಟ್ಟು, ಉಳಿದರ್ಧದ ಮೇಲೆ ತಾವು ಕುಳಿತುಬಿಡುತ್ತಾರೆ.

ಉಲ್ಲಾಸ್ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಲ್ಯಾಬಿನಲ್ಲಿ ನಯಗೊಳಿಸಿ ನೋಡಿ ಸಂಜೆಯೊಳಗೆ ವರದಿ ಕೊಡುತ್ತೇನೆ ಎಂದ. ನಾನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಕಳಿಸಿದೆ. ಟ್ಯಾಂಕಿನ ಕಾವಲಿಗೆ ಕಾನ್‌ಸ್ಟೆಬಲ್ ಪದ್ದುವನ್ನು ನಿಲ್ಲಿಸಿದೆ.

ಐತನ ಕೆಲಸದ ಕೊಟ್ಟಿಗೆ ಪ್ಲಾಂಟಿನ ಹಿಂಬದಿಯಲ್ಲಿತ್ತು. ಹೊಕ್ಕ ಕೂಡಲೇ ಗೊತ್ತಾಗುತ್ತಿತ್ತು, ಇವನು ಕೈಗೆ ಸಿಕ್ಕಿದ ಹಾಗೆ ಕೆಲಸ ಮಾಡುವವನಲ್ಲ. ಉಕ್ಕನ್ನು ಕಾಯಿಸುವ ಗ್ಯಾಸ್ ಬರ್ನರ್, ಬೆಸುಗೆ ಮೆಲ್ಲಗೆ ತಣಿಯಲೆಂದು ಹೊದಿಸುವ ಗ್ಲಾಸ್ ವೂಲ್, ಎಲ್ಲ ಮಡಚಿ ಇಟ್ಟಿತ್ತು. ಬೆಸೆಯುವ ಮೊದಲು ಹಳೆಯ ಬಿರುಕು ಪೂರ್ತಿ ಹೋಯಿತೇ ಎಂದು ನೋಡಲು ಸೀಮೆಎಣ್ಣೆಯ ಬಾಟಲಿ, ಪಕ್ಕದಲ್ಲಿ ಸೀಮೆಸುಣ್ಣ. ಉಜ್ಜಿದ ಜಾಗಕ್ಕೆ ಎಣ್ಣೆ ಹಚ್ಚಿ ಒರೆಸಿ ಮೇಲೆ ಸುಣ್ಣ ಗೀಚಿದರೆ, ಬಿರುಕು ಉಳಿದಿದ್ದಲ್ಲಿ ಎಣ್ಣೆ ಮೇಲೆದ್ದು ಸುಣ್ಣ ಒದ್ದೆಯಾಗುತ್ತದೆ. ಹಳೆಯ ಕ್ರಮ, ಆದರೆ ಸುಳ್ಳು ಹೇಳದ ಕ್ರಮ.

ಇಷ್ಟೆಲ್ಲ ನೋಡಿಕೊಳ್ಳುವವನು ಹಸಿ ರಾಡ್ ಏಕೆ ಎತ್ತಿಕೊಂಡ?

ರಾಡ್ ಒಣಗಿಸುವ ಓವನ್ ಮೂಲೆಯಲ್ಲಿತ್ತು, ತಗಡಿನ ಪೆಟ್ಟಿಗೆಯಂಥದ್ದು. ಮುಚ್ಚಳ ತೆಗೆದೆ. ಕಬ್ಬಿಣದ ವಾಸನೆ ಬರಬೇಕಾದಲ್ಲಿ ನನ್ನ ಅಮ್ಮನ ಅಡುಗೆಮನೆಯ ವಾಸನೆ ಬಂತು.

ಒಣ ಚಟ್ಲಿ.

ಬೇರೆ ಊರಿನ ಅಧಿಕಾರಿಯಾಗಿದ್ದರೆ ಮೀನುಪೇಟೆಯ ಹತ್ತಿರ ಇನ್ನೇನು ವಾಸನೆ ಬಂದೀತು ಎಂದು ಮುಚ್ಚಿಬಿಡುತ್ತಿದ್ದರು. ನಾನು ಶಂಕರನಾರಾಯಣದವಳು. ಬೇಸಿಗೆಯಲ್ಲಿ ಒಣಗಿಸಿ ಡಬ್ಬಿ ತುಂಬಿದ ಚಟ್ಲಿ, ಅಂದರೆ ಸಿಗಡಿ, ಮಳೆ ಹಿಡಿದ ಮೇಲೆ ಮೆತ್ತಗಾಗುವುದೂ, ಅದನ್ನು ಬಿಸಿ ಮಾಡಲು ಹೆಂಗಸರು ಒಲೆಯ ದಂಡೆ ಹುಡುಕುವುದೂ ನನಗೆ ಗೊತ್ತು. ಓವನ್ನಿನ ತಳದಲ್ಲಿ ಕೈಯಾಡಿಸಿದೆ. ರಾಡಿನ ಪುಡಿಯ ನಡುವೆ ಒಂದು ಸಿಗಡಿಯ ಸಿಪ್ಪೆ, ಎರಡು ಮೀಸೆ. ಬಿಸಿ ಹೆಚ್ಚು ಕಡಿಮೆ ಮಾಡುವ ಗುಂಡಿ ತೀರ ಕೆಳಗೆ ತಿರುಗಿತ್ತು.

ರಾಡಿಗೆ ಬೇಕಾದ ಬಿಸಿಯಲ್ಲಿ ಸಿಗಡಿ ಕರಕಲಾಗುತ್ತದೆ. ಸಿಗಡಿಗೆ ಬೇಕಾದ ಬಿಸಿಯಲ್ಲಿ ರಾಡ್ ಒಣಗುವುದಿಲ್ಲ. ಅಲ್ಲದೆ ಸಿಗಡಿ ಬಿಟ್ಟ ತೇವವೂ ಅದೇ ಪೆಟ್ಟಿಗೆಯೊಳಗೆ ರಾಡಿಗೆ ಕುಡಿಯಲು ಸಿಕ್ಕಿದೆ. ಸಿಪ್ಪೆಯನ್ನು ಕಾಗದದಲ್ಲಿ ಮಡಚಿ ಕಿಸೆಗೆ ಹಾಕಿಕೊಂಡೆ.

ಹೊರಗೆ ಭೋಜರಾಜ ಶೆಟ್ಟರು ಕಾಯುತ್ತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸಿ ಬಂದವರು, ಮಾತು ಮೆತ್ತಗೆ. ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುವ ಹೊತ್ತು, ಐಸ್ ಇಲ್ಲ ಎಂದರೆ ಅವರೆಲ್ಲ ಬೇರೆ ಕಡೆ ಹೋಗುತ್ತಿದ್ದರು, ಪರೀಕ್ಷೆ ಮಾಡುವವರು ಮಳೆಗೆ ಬರಲಿಲ್ಲ, ನಾನು ಕಾಯಲಿಲ್ಲ, ಅದು ನನ್ನ ತಪ್ಪು ಎಂದರು. ಕುಸುಮಳ ಹೆಸರು ಬಂದಾಗ ಕಣ್ಣು ಒರೆಸಿಕೊಂಡರು. ಆ ನೀರು ಸುಳ್ಳೆಂದು ನಾನು ಹೇಳಲಾರೆ.

ಅವರು ಮಾತಾಡುವಷ್ಟು ಹೊತ್ತು ನಾನು ಜೀಪಿನ ಕೀಲಿಯಿಂದ ಟ್ಯಾಂಕಿನ ಬಣ್ಣ ಕೆರೆಯುತ್ತ ನಿಂತಿದ್ದೆ. ಬೆಸುಗೆಯ ಹತ್ತಿರ ಮೇಲೆ ಬೆಳ್ಳಿ ಬಣ್ಣ, ಅದರ ಕೆಳಗೆ ಬರೀ ಉಕ್ಕು. ಇನ್ನೊಂದು ಕಡೆ ಕೆರೆದೆ. ಅಲ್ಲೂ ಅಷ್ಟೇ.

ಯಾವ ಪ್ರೈಮರ್ ಬಳಿಸಿದ್ದು ಎಂದು ಕೇಳಿದೆ.

"ಪ್ರೈಮರಿಗೆಲ್ಲ ಎಲ್ಲಿ ಟೈಮ್ ಮೇಡಂ? ಒಂದು ಕೈ ಸಿಲ್ವರ್ ಹೊಡೆಸಿದೆ, ಅಷ್ಟೇ."

ಹಾಗಿದ್ದರೆ ಬಿರುಕಿನೊಳಗಿನ ಕೆಂಪು ಎಲ್ಲಿಂದ ಬಂತು? ಉಲ್ಲಾಸನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ದಾರಿಯಲ್ಲಿರಬೇಕು ಎಂದುಕೊಂಡು ಕುಂದಾಪುರಕ್ಕೆ ಹೊರಟೆ.

ಠಾಣೆಯ ಹೊರಗಿನ ಬೆಂಚಿನಲ್ಲಿ ಪ್ರೇಕ್ಷಾ ಕುಳಿತಿದ್ದಳು. ಕುಸುಮಳ ಒಬ್ಬಳೇ ಮಗಳು, ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಈಗ ಅವಳಿಗೆ ಅಂತ ಉಳಿದವನು ಒಳಗೆ ಕುಳಿತಿದ್ದ ಈ ಮಾವ ಒಬ್ಬನೇ. ಊಟದ ಬುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಅವನು ಮುಟ್ಟಿರಲಿಲ್ಲವಂತೆ.

ಒಳಗೆ ಹೋಗಿ ಐತನ ಎದುರು ಕುಳಿತೆ. ಏನೂ ಕೇಳಲಿಲ್ಲ. ಕಾಗದ ಬಿಚ್ಚಿ ಸಿಗಡಿಯ ಸಿಪ್ಪೆಯನ್ನು ಮೇಜಿನ ಮೇಲಿಟ್ಟೆ.

ಅವನು ಅದನ್ನು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ.

"ಹೆಣ್ಣಿಗೆ ಹೊರ್ಗೇ ಕೂಕಂಬುಕೆ ಹೇಳಿ ಮೇಡಂ."

ಪ್ರೇಕ್ಷಾಳಿಗೆ ಹೊರಗೇ ಕೂರಲು ಹೇಳಿ ಬಾಗಿಲು ಹಾಕಿಕೊಂಡು ಬಂದೆ. ಓವನ್ನಿನಲ್ಲಿ ಚಟ್ಲಿ ಇಟ್ಟದ್ದು ಯಾರು ಎಂದು ಕೇಳಿದೆ.

"ಇನ್ಯಾರ್? ಕುಸುಮ. ಪ್ರತಿ ಮಳೆಗಾಲ ಇಡುದೇ. ನಾನೂ ಬ್ಯಾಡ ಅಂದದ್ದಿಲ್ಲೆ. ಕೆಲ್ಸ ಇಲ್ದಿದ್ ದಿನ ಇಟ್ಕಂಡ್ರೆ ಎಂತ ಆತ್ತ್? ಅವತ್ತ್ ಕೆಲ್ಸ ಇತ್ತ್ ಅಂದೇಳಿ ಅವ್ಳಿಗೆ ಗೊತ್ತಿಲ್ಲೆ."

ಮತ್ತೆ ಅವನೇ ಹೇಳುತ್ತ ಹೋದ, ತಡೆದು ತಡೆದು. ಟ್ಯಾಂಕಿನಲ್ಲಿ ಮೊದಲಿದ್ದ ಹಳೆಯ ಬಿರುಕನ್ನು ಗ್ರೈಂಡರಿನಲ್ಲಿ ಬುಡದವರೆಗೆ ಉಜ್ಜಿ ತೆಗೆದಿದ್ದ. ಎಣ್ಣೆ, ಸುಣ್ಣ ಹಚ್ಚಿ ನೋಡಿದ್ದ. ಉಕ್ಕನ್ನು ಕಾಯಿಸಿದ್ದ. ಎಲ್ಲ ಮುಗಿಸಿ ರಾಡ್ ತೆಗೆಯುವ ಮೊದಲು ದಿನವೂ ಮಾಡುವ ಹಾಗೆ ಓವನ್ನಿನ ಮುಚ್ಚಳ ಮುಟ್ಟಿದ್ದ.

"ಬೆಚ್ಚಗಿತ್ತ್ ಮೇಡಂ. ಸುಡ್ತಿತ್ತಾ, ಬರೀ ಬೆಚ್ಚಗಿತ್ತಾ ಅಂದೇಳಿ ಅವತ್ತ್ ನಾ ಕಾಣ್ಲಿಲ್ಲೆ. ಕೈಗೆ ಬಿಸಿ ತಾಗ್ತ್, ತೆಗ್ದೆ."

ರಾಡಿನ ಸಂಗತಿ ಅವನಿಗೆ ಹೊಳೆದದ್ದು ತಂಗಿಯನ್ನು ಸುಟ್ಟು ಬಂದ ಮೇಲೆ. ಅವಳ ಮನೆಯಲ್ಲಿ ಅಕ್ಕಿ ಹುಡುಕುತ್ತ ಡಬ್ಬಿ ಒಂದರ ಮುಚ್ಚಳ ತೆಗೆದನಂತೆ. ಅಕ್ಕಿಯಲ್ಲ, ಚಟ್ಲಿ ಇತ್ತು. ಸೂತಕದ ಮನೆಯಲ್ಲಿ ಮೀನು ಮುಟ್ಟುವಂತಿಲ್ಲ. ಆದರೂ ಕೈ ಹಾಕಿದ.

"ಕುರ್ಕುರಿ ಇತ್ತ್. ಆಸಾಡಿ ಮಳಿಯಗೆ ಯಾರ್ ಮನಿಯಗೆ ಚಟ್ಲಿ ಕುರ್ಕುರಿ ಇರತ್ತ್, ನೀವೇ ಹೇಳಿ."

ಒಂದು ಡಬ್ಬಿ ಸಿಗಡಿಗೆ ಒಂದು ಜೀವ ಹೋದದ್ದು ನನ್ನಿಂದ ನುಂಗಲಾಗದ ಮಾತಾಗಿತ್ತು.

"ಊರ್ ಎಂತ ಹೇಳತ್ತ್? ಕುಸುಮ ತನ್ ಕೈಯಾರೆ ಸತ್ಲ್ ಅಂತಾರ್. ಆ ಹೆಣ್ಣ್ ಜೀವ್ಮಾನ ಇಡೀ ಅದನ್ನೇ ಕೇಂತಾ ಇರ್ಕಾ? ನಾ ಜೈಲಿಗೆ ಹೋತೆ. ಅದ್ರಾಗೆ ಎಂತ ಇತ್ತ್?"

ಇದಕ್ಕಾಗಿ ಬಂದಿದ್ದ ಅವನು. ತಂಗಿಯ ಹೆಸರು ಉಳಿಯಲಿ, ಮಗಳಿಗೆ ಗೊತ್ತಾಗದಿರಲಿ, ಅಷ್ಟೇ. ಬೆಳಿಗ್ಗೆ ಬಂದ ಸಿಟ್ಟು ನನಗೆ ಈಗ ನಾಚಿಕೆಯಾಗಿ ಕಂಡಿತು.

ಸಮಾಧಾನಕ್ಕೆಂದು ಒಂದು ಮಾತು ಹೇಳಿದೆ. ತೇವದಿಂದ ಬಿರುಕು ಬಿಟ್ಟದ್ದು ನಿಜ ಐತಣ್ಣ, ಆದರೆ ಬಿರುಕು ಬಿಟ್ಟ ಕೂಡಲೇ ಯಾರೂ ಸಾಯುವುದಿಲ್ಲ, ಆಮೇಲೆ ಒಂದು ಪರೀಕ್ಷೆ ಆಗಿದ್ದರೆ ಅದು ಕಾಣುತ್ತಿತ್ತು, ಮತ್ತೆ ಉಜ್ಜಿ ಬೆಸೆಯಬಹುದಿತ್ತು ಎಂದೆ.

ಐತ ತಲೆಯೆತ್ತಿ ನನ್ನನ್ನು ನೋಡಿದ.

"ಟೆಸ್ಟ್ ಆಯಿತ್ತಲೆ ಮೇಡಂ."

"ಎಲ್ಲಿ ಆಗಿದೆ? ಮಳೆಗೆ ಯಾರೂ ಬರಲಿಲ್ಲ ಎಂದು ಶೆಟ್ಟರು ಬರೆದುಕೊಟ್ಟಿದ್ದಾರೆ."

"ಬಂದಿದ್ರ್. ವೆಲ್ಡಿಂಗ್ ಆಗಿ ಎರಡ್ ದಿನ ಬಿಟ್ಟ್ ಬೆಳಿಗ್ಗೆ. ಬೆಸ್ಗಿ ಮೇಲೆ ಕೆಂಪ್ ಎಂತದೋ ಹೊಡ್ದ್ರ್, ಉಜ್ಜಿ ತೆಗ್ದ್ರ್, ಮೇಲಿಂದ ಬಿಳಿ ಹೊಡ್ದ್ರ್. ಅಷ್ಟೊತ್ತಿಗೆ ಶೆಟ್ರ್ ನನ್ನ ತಲ್ಲೂರಿಗೆ ಕಳ್ಸ್ರ್, ಗ್ಯಾಸ್ ಸಿಲಿಂಡರ್ ತಕಂಡ್ ಬಪ್ಪುಕೆ. ವಾಪಾಸ್ ಬಂದ್ ಕಂಡ್ರೆ ಸಿಲ್ವರ್ ಬಳ್ದ್ ಆಯಿತ್ತ್. ಪಾಸ್ ಅಂದ್ರ್."

ಬೆಳಿಗ್ಗೆ ಕಂಡ ಗೆರೆ ನನ್ನ ಕಣ್ಣೆದುರು ಬಂತು.

ಬಿರುಕಿನೊಳಗಿನ ಕೆಂಪು ಪ್ರೈಮರ್ ಅಲ್ಲ. ಪರೀಕ್ಷೆಯ ಬಣ್ಣ. ಐತನ ಸೀಮೆಎಣ್ಣೆಯ ಕೆಲಸವನ್ನೇ ಅದು ಇನ್ನಷ್ಟು ಚೊಕ್ಕವಾಗಿ ಮಾಡುತ್ತದೆ. ಮೇಲಿನದನ್ನು ಒರೆಸಿದರೂ ಬಿರುಕಿನೊಳಗೆ ಇಳಿದದ್ದು ಉಳಿದು, ಬಿಳಿ ಪುಡಿಯ ಮೇಲೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ. ಬೆಸುಗೆಗೆ ಮೊದಲೇ ಯಾರಾದರೂ ಹಚ್ಚಿದ್ದರೆ ಬೆಂಕಿಗೆ ಸುಟ್ಟುಹೋಗುತ್ತಿತ್ತು. ಅದು ಒಳಗಿತ್ತು ಎಂದರೆ, ಹಚ್ಚಿದ ದಿನ ಬಿರುಕು ಇತ್ತು. ಹಚ್ಚಿದವನು ಬಿಳಿಯ ಮೇಲೆ ಆ ಕೆಂಪು ಗೆರೆಯನ್ನು ಕಣ್ಣಾರೆ ಕಂಡಿದ್ದಾನೆ. ಕಂಡು ಪಾಸ್ ಎಂದಿದ್ದಾನೆ. ಶೆಟ್ಟರು ಅದರ ಮೇಲೆ ಬೆಳ್ಳಿ ಬಣ್ಣ ಬಳಿಸಿದ್ದಾರೆ. ಬಿರುಕು ಕಂಡೂ ಅಮೋನಿಯಾ ತುಂಬಿಸಿದೆ ಎನ್ನುವುದಕ್ಕಿಂತ ಪರೀಕ್ಷೆಯೇ ಆಗಲಿಲ್ಲ ಎನ್ನುವುದು ಅವರಿಗೆ ಹಗುರವಾದ ತಪ್ಪು.

ಕುಸುಮಳನ್ನು ಕೊಂದದ್ದು ಚಟ್ಲಿಯಲ್ಲ.

"ಯಾರು ಬಂದದ್ದು ಐತಣ್ಣ? ಮತ್ತೆ ನೋಡಿದರೆ ಗುರುತು ಸಿಗುತ್ತದಾ?"

ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗದ ಹಾಗಿತ್ತು.

"ಎಂತ ಕೇಂತ್ರಿ ಮೇಡಂ? ಇವತ್ತ್ ಬೆಳಿಗ್ಗೆ ಇಲ್ಲೇ ನಿಮ್ಮೊಟ್ಟಿಗೆ ಚಾ ಕುಡ್ದ್ ಹೋದ್ರಲೆ, ಅವ್ರೇ. ಟೆಸ್ಟಿನವ್ರ್ ಮತ್ತೆ ಕಾಂಬುಕೆ ಬಂದಿರ್ ಅಂದ್ಕಂಡೆ."

ಉಲ್ಲಾಸ್. ಸಾಕ್ಷಿಯನ್ನು ಬಟ್ಟೆಯಲ್ಲಿ ಸುತ್ತಿ ನಾನೇ ಅವನ ಕೈಗೆ ಕೊಟ್ಟು ಕಳಿಸಿದ್ದೆ, ಸಹಿ ಬೇರೆ ಹಾಕಿ.

ಬ್ರಹ್ಮಾವರದ ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿದ್ದ ಹುಡುಗಿ, ಸರ್ ಬೆಳಿಗ್ಗೆ ಮರವಂತೆಗೆ ಹೋದವರು ಇನ್ನೂ ಬಂದಿಲ್ಲ ಎಂದಳು. ಟ್ಯಾಂಕಿನಲ್ಲಿ ಬಿರುಕಿನ ಬೆರಳುದ್ದ ಭಾಗ ಉಳಿದಿತ್ತಲ್ಲ ಎಂದು ನೆನಪಾಗಿ ಪದ್ದುವಿಗೆ ಮಾಡಿದೆ. ಅವನ ದನಿ ಕೇಳುವ ಮೊದಲೇ ಅದರ ಹಿಂದಿನ ಕರ್ಕಶ ಸದ್ದು ಕೇಳಿತು. ಗ್ರೈಂಡರ್.

"ಉಲ್ಲಾಸ್ ಸರ್ ವಾಪಾಸ್ ಬಂದಿರ್ ಮೇಡಂ. ಟ್ಯಾಂಕಿನ ಅಂಚ್ ನಯ ಮಾಡುಕೆ ನೀವೇ ಹೇಳಿದ್ರಿ ಅಂದ್ರ್. ನಿಮ್ಮ ಸಹಿ ಇಪ್ಪು ಕಾಗ್ದವೂ ತೋರ್ಸ್ರ್."

ನಿಲ್ಲಿಸು, ಅವನ ಕೈಯಿಂದ ಅದನ್ನು ಕಿತ್ತುಕೋ ಎಂದೆ. ಸದ್ದು ತಟ್ಟನೆ ನಿಂತಿತು. ನನಗೆ ಉಸಿರು ಬಂತು.

"ಮುಗೀತಂಬ್ರ್ ಮೇಡಂ" ಎಂದ ಪದ್ದು.

ಅವನನ್ನು ಅಲ್ಲಿಂದ ಕದಲಲು ಬಿಡಬೇಡ ಎಂದು ಹೇಳಿ ಫೋನ್ ಇಟ್ಟೆ. ಹಿಡಿದಿಟ್ಟುಕೊಂಡು ಮಾಡುವುದೇನು? ಕೆಂಪು ಗೆರೆ ಪುಡಿಯಾಗಿ ಗಾಳಿಯಲ್ಲಿ ಹೋಯಿತು. ಅವನ ಬಳಿಯಿದ್ದ ತುಂಡಿನ ಗತಿಯೂ ಅದೇ ಆಗಿರಬೇಕು. ಇನ್ನು ಉಳಿದದ್ದು ಒಂದೇ, ಎದುರಿಗೆ ಕುಳಿತ ಈ ಮನುಷ್ಯ ಕಣ್ಣಾರೆ ಕಂಡದ್ದು.

ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಬಿರುಕನ್ನು ಕಂಡೂ ಬಚ್ಚಿಟ್ಟವರು ಇಬ್ಬರು, ಉಲ್ಲಾಸ್ ಮತ್ತು ಶೆಟ್ಟರು. ಅವರನ್ನು ಹಿಡಿಯಬೇಕಾದರೆ ನೀವು ಸಾಕ್ಷಿ ಹೇಳಬೇಕು, ಅದೂ ಪೂರ್ತಿ. ಕೊಂದದ್ದು ನಾನೇ ಎನ್ನುವವನು ಇನ್ನೊಬ್ಬನ ಮೇಲೆ ದೂರು ಹೇಳಿದರೆ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ರಾಡ್ ಹೇಗೆ ಹಸಿಯಾಯಿತು ಎಂದು ಮೊದಲ ಪ್ರಶ್ನೆಯೇ ಬರುತ್ತದೆ. ಚಟ್ಲಿಯ ವಿಷಯ ಬಿಟ್ಟು ಇದನ್ನು ಹೇಳಲು ಬರುವುದಿಲ್ಲ.

ಐತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಳಿತ. ಕಡೆಗೆ ಕೈ ತೆಗೆದಾಗ ಅವನ ಮುಖದಲ್ಲಿ ನಿನ್ನೆಯಿಂದ ಕಾಣದ ಒಂದು ಗಟ್ಟಿತನ ಇತ್ತು.

"ಅವ್ಳ್ ಸತ್ತಾಯ್ತ್. ಸತ್ತವ್ಳಿಗೆ ಎಂತ ಹೆಸ್ರ್. ಅವ್ಳನ್ನ ಸಾಯ್ಸಿದವ್ರ್ ಆರಾಮಾಗ್ ತಿರ್ಗುಕಾಗ. ಬರ್ಕಣಿ, ಹೇಳ್ತೆ. ಹೆಣ್ಣಿಗೆ ನಾನೇ ಸಮಾ ಮಾಡ್ ಹೇಳ್ತೆ, ಅಮ್ಮಂದ್ ತಪ್ಪಲ್ಲ ಅಂದೇಳಿ."

ನಾನು ಹಾಳೆ ಎಳೆದುಕೊಂಡೆ. ಅವನ ಹೆಸರು, ಊರು ಬರೆದೆ. ಓವನ್ನಿನಲ್ಲಿ ಸಿಗಡಿ ಇಟ್ಟವರು ನನ್ನ ತಂಗಿ ಕುಸುಮ ಎಂದು ಅವನ ಹೇಳಿಕೆಯಾಗಿ ಬರೆದು ಅವನಿಗೆ ಓದಿ ಹೇಳಿದೆ.

ಬಾಗಿಲು ತೆರೆದುಕೊಂಡಿತು. ಪ್ರೇಕ್ಷಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಆ ಹಲಗೆಗೆ ಕಿವಿ ಕೊಟ್ಟಿದ್ದಳೋ.

"ಅಮ್ಮ ಅಲ್ಲ ಮಾವ."

ಐತ ಎದ್ದು ನಿಂತ.

"ಅವತ್ತ್ ನಂಗೆ ರಜೆ ಇತ್ತ್. ಅಮ್ಮ ಹಿಂದಿನ್ ದಿನವೇ ಹೇಳಿತ್ತ್, ನಾಳೆ ಮಾವಂಗೆ ಕೆಲ್ಸ ಇತ್ತ್, ಓವನ್ ಮುಟ್ಟಬ್ಯಾಡ ಅಂದೇಳಿ. ಒಂದ್ಗಳ್ಗಿ ಇಟ್ಟ್ ತೆಗಿತೆ ಅಂದ್ಕಂಡ್ ಇಟ್ಟದ್ ನಾನ್. ಸೀದ್ ಹೋಪುಕಾಗ ಅಂದೇಳಿ ಬಿಸಿ ಕಡ್ಮಿ ಮಾಡಿದ್ದೂ ನಾನೇ. ಮತ್ತೆ ತಿರ್ಗ್ಸುಕೆ ಮರ್ತೆ."

ಅವಳು ಅಳಲಿಲ್ಲ. ಅಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೇಳಿ ಮುಗಿಸಿದವಳ ಹಾಗೆ ನಿಂತಿದ್ದಳು. ನನ್ನ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು, ಕುಸುಮ ಎಂಬ ಹೆಸರಿನ ಪಕ್ಕದಲ್ಲಿ. ಈಗ ಅಲ್ಲಿ ಯಾವ ಹೆಸರು ಬರೆಯಬೇಕು ಎಂದು ನಮ್ಮ ಮೂವರಿಗೂ ಗೊತ್ತಿತ್ತು.

ಐತ ನಿಧಾನವಾಗಿ ಕೈ ಚಾಚಿದ. ನನ್ನೆದುರಿನ ಹಾಳೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ತನ್ನ ಅಂಗೈಯಲ್ಲಿ ಮುಚ್ಚಿಕೊಂಡ. ಮತ್ತೆ ಬೆಂಚಿನ ಮೇಲೆ, ನಿನ್ನೆ ಕುಳಿತಿದ್ದ ಜಾಗದಲ್ಲೇ ಕುಳಿತ.

"ಬೇರೆ ಹಾಳಿ ತಕಣಿ ಮೇಡಂ" ಎಂದ. "ಟೆಸ್ಟಿಗೆ ಯಾರೂ ಬರ್ಲಿಲ್ಲೆ. ಕೆಂಪೂ ಇಲ್ಲೆ, ಬಿಳಿಯೂ ಇಲ್ಲೆ. ನಾ ಯಾರನ್ನೂ ಕಾಣ್ಲಿಲ್ಲೆ."